ಜಕರಪ್ಪ ಮೆಲ್ಲಗೆ ಮಾಡುತ್ತಿದ್ದ ಪ್ರಾರ್ಥನೆ

ಹುಮನಾಬಾದ ತಾಲೂಕಿನ ಕೈಪಂಪುಗಳಿಗೆಲ್ಲ ಹುಡಗಿ ಎಂಬ ಊರಿನ ಜಕರಪ್ಪನೇ ವೈದ್ಯ. ಊರವರ ಬಾಯಲ್ಲಿ ಅದು ಕೈಪಂಪಲ್ಲ, ಬೋರಿಂಗು. ಬೋರಿಂಗು ಕೆಟ್ಟಿತೆಂದರೆ ಸೈಕಲ್ಲಿಗೆ ನಟ್ಟು ಬಿಚ್ಚುವ ಪಾನಾ, ಹಗ್ಗ, ವಾಷರಿನ ಡಬ್ಬಿ ಕಟ್ಟಿಕೊಂಡು ಜಕರಪ್ಪ ಬರಬೇಕು. ಬಂದವನು ಮೊದಲು ತಲೆಯ ಟೊಪ್ಪಿಗೆ ತೆಗೆದು, ಬೋರಿಂಗಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ದೇವರ ಜೊತೆ ನಾಲ್ಕು ಮಾತಾಡಬೇಕು. ಆಮೇಲೇ ಪಾನಾ ಕೈಗೆ ಬರುತ್ತಿತ್ತು.

ಈ ನಾಲ್ಕು ಮಾತಿನಲ್ಲೇ ಎಲ್ಲ ಫಜೀತಿ. ಹರೆಯದಲ್ಲಿ ಜಕರಪ್ಪ ಆರು ವರ್ಷ ಬೋರು ಕೊರೆಯುವ ಗಾಡಿಯ ಮೇಲೆ ದುಡಿದಿದ್ದ. ಆ ಯಂತ್ರದ ಗದ್ದಲಕ್ಕೆ ಕಿವಿ ಅರ್ಧಕ್ಕರ್ಧ ಹೋಗಿತ್ತು. ತಾನು ತುಟಿಯೊಳಗೇ ಪ್ರಾರ್ಥಿಸುತ್ತೇನೆಂದು ಅವನು ತಿಳಿದಿದ್ದ. ಅದು ಓಣಿಯ ಆಚೆ ತುದಿಗೆ ಕೇಳುತ್ತಿತ್ತು. ಹೆಂಡತಿ ರೂತಮ್ಮನಿಗೆ ಇದು ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು, ಆದರೆ ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಗಂಡ ಯಾವ ಹೋಟೆಲಿನಲ್ಲಿ ಎಷ್ಟು ಭಜಿ ತಿಂದ ಎಂಬುದು ಪುಗಸಟ್ಟೆ ತಿಳಿಯುವಾಗ ಯಾವ ಹೆಂಡತಿ ಬಾಯಿ ಬಿಡುತ್ತಾಳೆ?

ತೊಂಬತ್ತಾರರ ಬೇಸಿಗೆಯಲ್ಲಿ ನಿರ್ಣಾ ಊರಿನ ಎರಡು ಬೋರಿಂಗುಗಳ ಹಿಡಿಕೆಯ ಚೈನುಗಳು ಒಂದೇ ವಾರದಲ್ಲಿ ಹರಿದವು. ಒಂದು ಕೆಳಗಿನ ಓಣಿಯದು, ಕಮಳಾಬಾಯಿಯ ಮನೆ ಮುಂದೆ. ಇನ್ನೊಂದು ಮೇಲಿನ ಓಣಿಯದು, ಪಂಚಾಯತಿ ಅಧ್ಯಕ್ಷ ಬಕ್ಕಪ್ಪ ಸಾಹುಕಾರರ ಮನೆ ಮುಂದೆ. ಮೇಲಿನ ಬೋರಿಂಗಿಗೆ ಕೆಳಗಿನ ಓಣಿಯವರು ಕೈ ಹಚ್ಚುವಂತಿರಲಿಲ್ಲ. ಕೊಡ ಇಟ್ಟು ದೂರ ನಿಲ್ಲಬೇಕು, ಯಾರಿಗಾದರೂ ಮನಸ್ಸು ಬಂದರೆ ಹೊಡೆದು ತುಂಬಿಸುತ್ತಾರೆ. ಜಕರಪ್ಪನ ಚೀಲದಲ್ಲಿದ್ದದ್ದು ಒಂದೇ ಚೈನು. ಇನ್ನೊಂದು ಬರಲು ಎಂಟು ದಿನ ಬೇಕು.

"ಮೊದಲ ನಮ್ದು ಮಾಡು" ಎಂದರು ಬಕ್ಕಪ್ಪ, ಕಟ್ಟೆಯ ಮೇಲೆ ಒಂದೇ ಕಡೆಗೆ ವಾಲಿ ಕುಳಿತು. "ನಮ್ಮ ಮನ್ಯಾಕಿ ಭಾಳ ಸಿಟ್ಟಾಗ್ಯಾಳ. ನಿನ್ನ ನೌಕರಿ ಕಾಯಂ ಆಗೋ ಕಾಗದ ನನ್ನ ಕಡೆ ಅದ, ನೆಪ್ಪಿರಲಿ."

ಜಕರಪ್ಪ ಹನ್ನೊಂದು ವರ್ಷ ದಿನಗೂಲಿಯ ಮೇಲೆ ತೇದಿದ್ದ. ಕೆಲಸ ಚೆನ್ನಾಗಿ ಮಾಡುತ್ತಾನೆಂದು ಅಧ್ಯಕ್ಷರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎದುರು ಮಾತಾಡುವ ಧೈರ್ಯ ಅವನ ವಂಶದಲ್ಲೇ ಇರಲಿಲ್ಲ. "ಹೌದ್ರಿ" ಎಂದ. ಟೊಪ್ಪಿಗೆ ತೆಗೆದ. ಮೇಲಿನ ಬೋರಿಂಗಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಎರಡೂ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು.

"ತಂದಿ ದೇವರೇ, ನಿನಗ ಸ್ತೋತ್ರ. ಚೀಲದಾಗ ಚೈನ್ ಒಂದೇ ಅದ. ಕಮಳಾಬಾಯಿ ಸೋಮವಾರ ಹೇಳ್ಯಾಳ, ಸಾಹುಕಾರರು ಗುರುವಾರ ಹೇಳ್ಯಾರ. ನ್ಯಾಯ ನೋಡಿದ್ರ ಆಕಿದು ಮೊದಲ. ಆದ್ರ ಕಾಗದಕ್ಕ ಸಹಿ ಮಾಡಂಗಿಲ್ಲ ಅಂತ ಇವರು ಅಂಜಸಾಕತ್ತಾರ. ನನಗ ಅಂಜಿಕಿ ಆಗ್ಯಾದ, ನಿನ್ನ ಮುಂದ ಯಾಕ ಮುಚ್ಚಿಡ್ಲಿ? ಇವರೇನು ಕೆಟ್ಟವರಲ್ಲ. ನನ್ನ ಸೈಕಲ್ ಪಂಚರ್ ಆದಾಗ ಟ್ರ್ಯಾಕ್ಟರದಾಗ ಕೂಡಿಸಿಕೊಂಡು ಬಿಟ್ಟು ಬಂದಾರ. ಹೆಂಡತಿಗೆ ಅಂಜಿ ಹಿಂಗ ಮಾಡಾಕತ್ತಾರ, ಮಾಫ್ ಮಾಡು. ಮತ್ತ ಇವರಿಗೆ ಮೂಲವ್ಯಾಧಿ ಅದ. ಯಾರಿಗೂ ಹೇಳಬ್ಯಾಡ ಅಂದಾರ, ನಿನಗಷ್ಟೇ ಹೇಳಾಕತ್ತೇನಿ. ಕುಂದ್ರಾಕ ಆಗವಲ್ದು. ಲಗೂ ಆರಾಮ ಮಾಡು. ಆಮೆನ್."

ಕಣ್ಣು ಬಿಟ್ಟು ನೋಡಿದರೆ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ಅಲುಗುತ್ತಿದ್ದಾರೆ. ಬಕ್ಕಪ್ಪನವರ ಮುಖ ಕೆಂಪಗೆ ಉರಿಯುತ್ತಿತ್ತು. ಅವರ ಹೆಂಡತಿ ಸೂಗಮ್ಮ ಮಾತ್ರ ನಗಲಿಲ್ಲ.

"ನಾ ಯಾವಾಗ ಸಿಟ್ಟಾದೆರಿ?" ಆಕೆ ಗಂಡನ ಕಡೆ ತಿರುಗಿದಳು. "ನೀರ ತರೋದು ನಾ, ಕಟ್ಟಿ ಮ್ಯಾಲ ಕುಂದ್ರೋದು ನೀವು. ದೇವರ ಮುಂದ ನನ್ನ ಹೆಸರು ಕೆಡಸ್ತೀರಿ? ಜಕರಪ್ಪಾ, ಚೈನ್ ಕೆಳಗ ಹಾಕು. ನಾ ಅಲ್ಲಿಂದ್ಲೇ ನೀರ ತರ್ತೇನಿ."

ಜಕರಪ್ಪನ ಕಿವಿಗೆ ಬಿದ್ದದ್ದು ಆಕೆಯ ಕೊನೆಯ ಮಾತಷ್ಟೇ. ಚೈನು ಕೆಳಗೆ ಹೋಯಿತು. ಮರುದಿನ ಸೂಗಮ್ಮ ಎರಡು ಕೊಡ ಹಿಡಿದು ಹೋದಾಗ ಕಮಳಾಬಾಯಿ, "ಬರ್ರಿ ಅಕ್ಕೋರೆ, ಪಾಳಿ ಹಿಡೀರಿ" ಎಂದಳು. ದೂರ ನಿಲ್ಲಿರಿ ಎನ್ನಲಿಲ್ಲ, ಅನ್ನಬಹುದಿತ್ತು. ಎಂಟು ದಿನ ಸೂಗಮ್ಮ ಅದೇ ಹಿಡಿಕೆ ಹೊಡೆದಳು. ಒಂಬತ್ತನೆಯ ದಿನ ಮೇಲಿನ ಬೋರಿಂಗು ರಿಪೇರಿಯಾದಾಗ ಮೊದಲು ಬಂದು ಹಿಡಿಕೆಗೆ ಕೈ ಹಚ್ಚಿದವಳು ಕಮಳಾಬಾಯಿ. ಸೂಗಮ್ಮ ಆಕೆಯ ಹಿಂದೆ ಪಾಳಿಯಲ್ಲಿದ್ದಳು. ಯಾರೂ ತಕರಾರು ತೆಗೆಯಲಿಲ್ಲ.

ಬಕ್ಕಪ್ಪ ಕಾಗದಕ್ಕೆ ಸಹಿ ಹಾಕಿದರು, ಒಂದು ಕರಾರಿನ ಮೇಲೆ. "ಇನ್ನ ಮ್ಯಾಲ ನನ್ನ ಸುದ್ದಿ ಮನಸಿನ್ಯಾಗ ಹೇಳು, ಮಾರಾಯಾ."

"ನಾ ಹೇಳೋದೇ ಮನಸಿನ್ಯಾಗ್ರಿ" ಎಂದ ಜಕರಪ್ಪ. ಅವನಿಗೆ ನಿಜಕ್ಕೂ ತಿಳಿಯಲಿಲ್ಲ.

ನೌಕರಿ ಕಾಯಂ ಆಯಿತು. ಎರಡು ಸಾವಿರದ ಮೂರರಲ್ಲಿ ಬಸವಕಲ್ಯಾಣದಲ್ಲಿ ಕಿವಿ ತಪಾಸಣೆಯ ಶಿಬಿರ ನಡೆದಾಗ ಅವನಿಗೊಂದು ಕಿವಿ ಮಿಷಿನ್ ಸಿಕ್ಕಿತು. ಮರುದಿನ ತನ್ನೂರು ಹುಡಗಿಯ ಬೋರಿಂಗಿನ ಮುಂದೆ ಕಣ್ಣು ಮುಚ್ಚಿ "ತಂದಿ ದೇವರೇ" ಎಂದವನು ಬೆಚ್ಚಿಬಿದ್ದು ಹಿಂದೆ ತಿರುಗಿದ. ಒದರಿದವರು ಯಾರೆಂದು ನೋಡಿದ. ಯಾರೂ ಇರಲಿಲ್ಲ.

ಆಗ ಒಂದೊಂದೇ ನೆನಪಾಯಿತು. ಭಜಿ. ಮೂಲವ್ಯಾಧಿ. ಅಯ್ಯೋ ಪಾಪ, ನಾಚಿಕೆಯಿಂದ ಆ ದಿನ ಅವನಿಗೆ ಊಟ ಸೇರಲಿಲ್ಲ. ಅಂದಿನಿಂದ ಮೂರು ತಿಂಗಳು ಅವನು ನಿಜವಾಗಿಯೂ ತುಟಿಯೊಳಗೇ ಪ್ರಾರ್ಥಿಸಿದ. ಯಾರು ಯಾವುದನ್ನು ಮೊದಲು ಮಾಡು ಎಂದರೂ ತಲೆಯಾಡಿಸಿದ.

ಒಂದು ದಿನ ನಿರ್ಣಾದಲ್ಲಿ ಹೊಸ ಅಧ್ಯಕ್ಷ ಶಂಕರಲಿಂಗನ ಅಂಗಳದ ಬೋರಿಂಗು ರಿಪೇರಿಗೆ ಹೋಗುತ್ತಿದ್ದಾಗ ಕಮಳಾಬಾಯಿ ಸೈಕಲ್ಲಿಗೆ ಅಡ್ಡ ನಿಂತಳು.

"ಅಣ್ಣಾ, ನಮ್ಮ ಬೋರಿಂಗ ಕೆಟ್ಟು ಇಪ್ಪತ್ತು ದಿನ ಆತು. ಮ್ಯಾಲಿನ ಓಣಿಯಿಂದ ನೀರ ಹೊತ್ತು ಹೊತ್ತು ಸಾಕಾಗ್ಯಾದ."

"ಏನ ಮಾಡ್ಲಿ ತಂಗಿ? ದಿನಾ ಪ್ರಾರ್ಥನಿ ಮಾಡಾಕತ್ತೇನಿ."

"ಯಾರಿಗೆ ಕೇಳ್ತದ ಅದು? ಆ ಮಿಷಿನ್ ತೆಗೆದು ಮಾಡು. ನಮ್ಮ ಪರ ಮಾತಾಡೋರು ಈ ಊರಾಗ ಮತ್ಯಾರದಾರ?"

ಜಕರಪ್ಪನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ತನಗೆ ಧೈರ್ಯವಿಲ್ಲವೆಂದು ತಿಳಿದಿದ್ದ. ಧೈರ್ಯದ ಕೆಲಸವೆಲ್ಲ ತಿಳಿಯದೆ ಮಾಡಿದ್ದ. ಇನ್ನು ತಿಳಿದೇ ಮಾಡಬೇಕಿತ್ತು.

ಶಂಕರಲಿಂಗನ ಅಂಗಳಕ್ಕೇ ಹೋದ. ಮಿಷಿನ್ ತೆಗೆದು ಜೇಬಿಗೆ ಹಾಕಿದ. ಟೊಪ್ಪಿಗೆ ತೆಗೆದ. ಎದುರು ಕಟ್ಟೆಯ ಮೇಲಿದ್ದ ಮುದುಕ ಬಕ್ಕಪ್ಪ ಅದನ್ನು ನೋಡಿದ್ದೇ, "ಏ, ನನ್ನ ಸುದ್ದಿ ಬಿಡಪಾ!" ಎಂದು ಕೂಗಿದರು. ಅದು ಜಕರಪ್ಪನಿಗೆ ಕೇಳಿಸಲಿಲ್ಲ.

"ತಂದಿ ದೇವರೇ, ನಿನಗ ಸ್ತೋತ್ರ. ಮೊದಲ ನನ್ನ ತಪ್ಪು ಹೇಳ್ತೇನಿ. ಮೂರು ತಿಂಗಳು ನಾಚಿಕಿಗೆ ಸುಮ್ಮ ಇದ್ದೆ. ಅಷ್ಟರಾಗ ಕಮಳಾಬಾಯಿ ಇಪ್ಪತ್ತು ದಿನ ದೂರದಿಂದ ನೀರ ಹೊತ್ತಾಳ. ಈಗ ಶಂಕರಲಿಂಗನ ಸುದ್ದಿ ಹೇಳ್ತೇನಿ, ಕೇಳು..."

ಶಂಕರಲಿಂಗ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದು, ಪಾನಾದ ಚೀಲ ಹೊತ್ತುಕೊಂಡು ತಾನೇ ಕೆಳಗಿನ ಓಣಿಯ ಹಾದಿ ಹಿಡಿದ.