ಸ್ಟೈಲ್ ಶೀಟಿನಲ್ಲಿ ಕೊನೆಯ ಮಾತು

ನೆರಳಿಲ್ಲದ ಅಕ್ಷರ ಕಂಡರೆ ನನಗೆ ಅಂಗಿ ಹಾಕದೆ ಬೀದಿಗೆ ಬಂದವರನ್ನು ಕಂಡ ಹಾಗಾಗುತ್ತದೆ. ಇದು ನನ್ನ ರೋಗ, ಒಪ್ಪಿಕೊಂಡುಬಿಡುತ್ತೇನೆ. ಭದ್ರಾವತಿಯಲ್ಲಿ ಇಪ್ಪತ್ತು ವರ್ಷ ಅಂಗಡಿ ಬೋರ್ಡು ಬರೆದವನು ನಾನು. ಲೇತ್ ವರ್ಕ್‌ಶಾಪಿಗೆ ಕೆಂಪು ಅಕ್ಷರ, ಹಳದಿ ನೆರಳು. ಮಿಲಿಟರಿ ಹೋಟೆಲಿಗೆ ಹಳದಿ ಅಕ್ಷರ, ಕೆಂಪು ನೆರಳು. ನನ್ನ ಕಲ್ಪನೆಯ ವಿಸ್ತಾರ ಅಷ್ಟೇ. ಫ್ಲೆಕ್ಸ್ ಬಂದು ಕುಂಚ ಒಣಗಿದ ಮೇಲೆ ಕಂಪ್ಯೂಟರ್ ಕಲಿತು ವೆಬ್‌ಸೈಟು ಮಾಡಲು ಶುರು ಮಾಡಿದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ಯಾರ ಹಂಗೂ ಇಲ್ಲದೆ ಕಲಿತೆ ಎಂದು ಕೇಳದವರಿಗೂ ಹೇಳುತ್ತಿರುತ್ತೇನೆ. ನಿಮಗೂ ಈಗ ಹೇಳಿದೆ, ನೋಡಿ.

ವೆಬ್ಬಿನ ಆದಿಕಾಲದಲ್ಲಿ ಪುಟಕ್ಕೆ ಅಲಂಕಾರವೇ ಇರಲಿಲ್ಲವಂತೆ. ಇದು ತಲೆಬರಹ, ಇದು ಪ್ಯಾರಾ ಎಂದಷ್ಟೇ ಬರೆದವನು ಹೇಳಬೇಕು. ಹೇಗೆ ಕಾಣಬೇಕೆನ್ನುವುದು ಬ್ರೌಸರಿನ ಮರ್ಜಿ. ನನ್ನಂಥವರು ಸುಮ್ಮನಿರುತ್ತಾರೆಯೇ? ಸಾಲುಸಾಲಿಗೂ ಬಣ್ಣ ಬಳಿಯಲು ಹೊರಟರು. ಬಣ್ಣ ಬದಲಿಸಬೇಕಾದರೆ ಪ್ರತಿ ಸಾಲನ್ನೂ ಮತ್ತೆ ಮುಟ್ಟಬೇಕಿತ್ತು. ಆಮೇಲೆ ಸ್ಟೈಲ್ ಶೀಟ್ ಬಂತು. ತಲೆಬರಹವೆಲ್ಲ ನೀಲಿ ಎಂದು ಒಂದು ಕಡೆ ಬರೆದಿಟ್ಟರೆ ನೂರು ಪುಟವೂ ನೀಲಿ. ಈ ಶೀಟು ಬರೆಯುವ ಭಾಷೆಗಳನ್ನು ಹಲವರು ಹಲವು ಬಗೆಯಾಗಿ ಸೂಚಿಸಿದರಂತೆ; ಗೆದ್ದದ್ದು ಸಿಎಸ್‌ಎಸ್. ಗೆದ್ದ ಮೇಲೂ ವರ್ಷಗಟ್ಟಲೆ ಒಂದೊಂದು ಬ್ರೌಸರು ಅದಕ್ಕೆ ಒಂದೊಂದು ಅರ್ಥ ಮಾಡಿತು, ಒಂದೇ ಡಬ್ಬಿಯ ಬಣ್ಣ ಬಿಸಿಲಲ್ಲಿ ಒಂದು ಥರ, ಟ್ಯೂಬ್‌ಲೈಟಿನಲ್ಲಿ ಇನ್ನೊಂದು ಥರ ಕಾಣುವ ಹಾಗೆ.

ಆ ಭಾಷೆಯಲ್ಲಿ ನನಗೆ ತುಂಬ ಹಿಡಿಸಿದ್ದು ‘ಇಂಪಾರ್ಟೆಂಟ್’ ಎಂಬ ಗುರುತು. ನಿಯಮದ ಕೊನೆಗೆ ಅದನ್ನು ಅಂಟಿಸಿದರೆ ಉಳಿದ ನಿಯಮಗಳು ಬಾಯಿ ಮುಚ್ಚಿಕೊಳ್ಳುತ್ತವೆ. ನನ್ನ ಹೆಂಡತಿಯ ಪ್ರಕಾರ ನಾನು ಮಾತಾಡುವುದೇ ಹಾಗೆ. ಚಟ್ನಿಗೆ ಉಪ್ಪು ಕಮ್ಮಿ ಎನ್ನುವುದನ್ನೂ ಇಂಪಾರ್ಟೆಂಟ್ ಹಾಕಿಯೇ ಹೇಳುತ್ತೇನಂತೆ.

ಕಳೆದ ವರ್ಷ ಶಿವಮೊಗ್ಗದ ಕೋಟೆ ಬಡಾವಣೆಯಿಂದ ಶಾರದಾ ಟೀಚರ್ ಫೋನು ಮಾಡಿದರು. ಏಳನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು. ಶಾಲೆ ಬಿಡಬೇಡ ಎಂದು ಮನೆತನಕ ಬಂದು ಹೇಳಿ ಹೋದವರು. ತಮ್ಮ ನಲವತ್ತು ಬಾಯಿಲೆಕ್ಕದ ಒಗಟುಗಳಿಗೆ ಒಂದು ವೆಬ್‌ಸೈಟು ಬೇಕು ಎಂದರು. ಶಾಲೆ ಬಿಟ್ಟವನು ಹಾಳಾಗಲಿಲ್ಲ ಎಂದು ಅವರ ಬಾಯಿಂದ ಒಮ್ಮೆ ಕೇಳಬೇಕಿತ್ತು ನನಗೆ. ಕುಂಕುಮಗೆಂಪು ಹಿನ್ನೆಲೆ, ಹಳದಿ ಅಕ್ಷರ, ಪ್ರತಿ ಅಕ್ಷರಕ್ಕೂ ನೆರಳು, ಪ್ರತಿ ನಿಯಮಕ್ಕೂ ಇಂಪಾರ್ಟೆಂಟ್. ಸೈಟಿನ ವಿಳಾಸ ಅವರಿಗೆ ಕಳಿಸಿ, ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಗಳಿಕೆ ಸ್ವೀಕರಿಸಲು ಹೋದೆ.

ಅವರ ಪರದೆಯ ಮೇಲೆ ಬಿಳಿ ಹಿನ್ನೆಲೆ, ದಪ್ಪ ಕಪ್ಪು ಅಕ್ಷರ. ನನ್ನ ಬಣ್ಣದ ಸುಳಿವೂ ಇಲ್ಲ. ಯಾರು ಹಾಳು ಮಾಡಿದರು ಎಂದು ಕೇಳಿದೆ.

“ನಾನೇ ಮಾರಾಯ. ಕಣ್ಣಲ್ಲಿ ಪೊರೆ. ನಿನ್ನ ಹಳದಿ ನೋಡಿ ತಲೆ ಸುತ್ತು ಬಂತು. ನಿನ್ನ ಶೀಟನ್ನೇ ತೆಗೆದು ನೋಡಿ ಕಲ್ತ್ಕೊಂಡು, ನಂದೇ ಮೂರು ಸಾಲು ಬರ್ದು ನನ್ನ ಬ್ರೌಸರಿಗೆ ಹಾಕ್ಕೊಂಡೆ.”

“ನಾನು ಎಲ್ಲದಕ್ಕೂ ಇಂಪಾರ್ಟೆಂಟ್ ಹಾಕಿದೀನಲ್ಲ ಟೀಚರ್.”

“ನಾನೂ ಹಾಕಿದೀನಿ. ಇಬ್ರೂ ಹಾಕಿದ್ರೆ ಓದೋರದ್ದೇ ನಡೆಯೋದು ಕಣೋ.”

ನಂಬಲಿಲ್ಲ. ಅಲ್ಲೇ ಕೂತು ಮೊಬೈಲಿನಲ್ಲಿ ಹುಡುಕಿದೆ. ನಿಜವೇ ಆಗಿತ್ತು. ಸಿಎಸ್‌ಎಸ್‌ನ ಮೊದಲ ಆವೃತ್ತಿಯಲ್ಲಿ ಕೊನೆಯ ಮಾತು ಪುಟ ಮಾಡಿದವನದೇ ಆಗಿತ್ತಂತೆ. ಎರಡನೆಯ ಆವೃತ್ತಿಯಲ್ಲಿ ಅದನ್ನು ತಿರುವಿ ಹಾಕಿ ಓದುವವರಿಗೆ ಕೊಟ್ಟುಬಿಟ್ಟಿದ್ದರು. ಭಾಷೆ ಮಾಡಿದವರೇ ತಮ್ಮ ಪಟ್ಟು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನಿನ್ನೂ ಮೊದಲ ಆವೃತ್ತಿಯಲ್ಲೇ ಸಂಸಾರ ಮಾಡುತ್ತಿದ್ದೆ.

ನನ್ನ ಮುಖ ನೋಡಿ ಟೀಚರಿಗೆ ಕನಿಕರ ಬಂದಿರಬೇಕು.

“ಏಳನೇ ಕ್ಲಾಸಲ್ಲೂ ಹಿಂಗೇ ನೀನು. ಉತ್ತರಕ್ಕಿಂತ ಅಡಿಗೆರೆ ಚೆಂದ. ಸೈಟು ಹಂಗೇ ಇರ್ಲಿ, ಕಣ್ಣು ಗಟ್ಟಿ ಇರೋರು ನಿನ್ನ ಬಣ್ಣ ನೋಡ್ಲಿ. ಕೆಲ್ಸ ಅಚ್ಚುಕಟ್ಟಾಗಿದೆ.”

ನಾನು ಹಿಗ್ಗುವಷ್ಟರಲ್ಲಿ, ಮೊದಲನೆಯ ಒಗಟಿಗೆ ಉತ್ತರವೇನು ಎಂದು ಕೇಳಿದರು.

ಆಗ ಹೊಳೆಯಿತು. ನಲವತ್ತು ಒಗಟಿಗೂ ನೆರಳು ಕೊಟ್ಟಿದ್ದೆ, ಒಂದನ್ನೂ ಓದಿರಲಿಲ್ಲ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳು, ಮಾವುತರು ಸೇರಿ ಹನ್ನೆರಡು ತಲೆ, ಮೂವತ್ತಾರು ಕಾಲು, ಆನೆ ಎಷ್ಟು? ಎಂಟು ಎಂದೆ. ತಪ್ಪು, ಇನ್ನೊಮ್ಮೆ ಓದು ಎಂದು ನನ್ನ ಕುರ್ಚಿಯನ್ನು ಪರದೆಯ ಕಡೆಗೆ ಎಳೆದರು. ಓದಿದೆ. ಅಕ್ಷರ ಸ್ಪಷ್ಟವಾಗಿತ್ತು. ದೂರಲು ಬಣ್ಣವೊಂದೂ ಇರಲಿಲ್ಲ.