ಬೇಳೆಯಲ್ಲಿ ಕಂಡ ಬಿಳಿ ಎಳೆ

ಉಗಾರ ಬುದ್ರುಕದ ಮಂಗಲಕ್ಕನ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಉಣ್ಣಬಹುದು. ಉಣ್ಣುವವರ ಪಾಲಿನ ಕಣ್ಣನ್ನೂ ಆಕೆ ಮೊದಲೇ ಸವೆಸಿರುತ್ತಾಳೆ. ಬೇಳೆಯನ್ನು ಮೂರು ಸಲ ಆರಿಸುತ್ತಾಳೆ, ಹಿಟ್ಟನ್ನು ಎರಡು ಸಲ ಸಾಣಿಸುತ್ತಾಳೆ, ಜೋಳದಲ್ಲಿ ನುಸಿ ಸಿಕ್ಕರೆ ಕೊಲ್ಲದೆ ನಾಲ್ಕು ಕಾಳಿನ ಸಮೇತ ಒಯ್ದು ಹಿತ್ತಲ ನೆರಳಿಗೆ ಬಿಟ್ಟು ಬರುತ್ತಾಳೆ. "ನಮ್ಮ ಮನ್ಯಾಗ ನುಸಿಗೂ ಬುತ್ತಿ ಕಟ್ಟಿ ಕಳಸ್ತಾರ್ರಿ," ಎಂದು ಗಂಡ ಧನಪಾಲ ಕಟ್ಟೆಯ ಮೇಲೆ ಕೂತು ಊರವರನ್ನು ನಗಿಸುತ್ತಾನೆ.

ಜೈನರ ಮನೆ ಅಂದಮೇಲೆ ಇಷ್ಟು ಇದ್ದದ್ದೇ. ಆದರೆ ಮಂಗಲಕ್ಕನದು ಎಲ್ಲರಿಗಿಂತ ಒಂದು ಕೈ ಹೆಚ್ಚು, ಅದಕ್ಕೊಂದು ಕಾರಣವೂ ಇತ್ತು. ಹನ್ನೊಂದು ವರ್ಷದ ಹಿಂದೆ, ಚಾತುರ್ಮಾಸಕ್ಕೆ ಊರಲ್ಲಿ ಉಳಿದಿದ್ದ ಮುನಿಮಹಾರಾಜರೊಬ್ಬರು ಅವಳ ಮನೆಗೆ ಆಹಾರಕ್ಕೆ ಬಂದಿದ್ದರು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಜೋಡಿಸಿದ ಅಂಗೈಯಲ್ಲೇ ಉಣ್ಣುವವರು. ನೀರು ಕುಡಿಯುವುದೂ ಆಗಲೇ, ಊಟ ಮುಗಿಯುವವರೆಗೂ ಮೌನ. ಉಣ್ಣುವಾಗ ಕೂದಲೋ ಸತ್ತ ಹುಳವೋ ಕಂಡರೆ ಅಂತರಾಯ. ಅಲ್ಲಿಗೆ ಊಟ ಮುಗಿಯಿತು, ಮುಂದಿನ ತುತ್ತೂ ಗುಟುಕೂ ಮರುದಿನವೇ. ಅಂದು ಎರಡನೆಯ ತುತ್ತಿಗೇ ಕೂದಲು ಬಂತು. ಉದ್ದನೆಯ ಕರಿ ಕೂದಲು. ಮನೆಯಲ್ಲಿ ಅಷ್ಟು ಉದ್ದ ಜಡೆ ಇದ್ದವಳು ಮಂಗಲಕ್ಕ ಒಬ್ಬಳೇ.

ಮಹಾರಾಜರು ಅಂಗೈ ಬಿಡಿಸಿ ಬಸದಿಗೆ ನಡೆದುಬಿಟ್ಟರು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಂದಿನಿಂದ ಯಾವ ಮುನಿಗಳು ಊರಿಗೆ ಬಂದರೂ ಮಂಗಲಕ್ಕ ಬಾಗಿಲಲ್ಲಿ ನಿಂತು ಕರೆಯಲಿಲ್ಲ. ಬೇರೆಯವರ ಮನೆಗೆ ಹೋಗಿ ಬಾವಿಯ ನೀರು ಸೋಸಿಕೊಟ್ಟು, ಕಾಳು ಆರಿಸಿಕೊಟ್ಟು, ಒಲೆ ಹೊತ್ತಿಸುವ ಮೊದಲೇ ಮನೆಗೆ ಬಂದುಬಿಡುತ್ತಿದ್ದಳು. ಪ್ರತಿ ಚಾತುರ್ಮಾಸದಲ್ಲೂ ನಾಲ್ಕು ತಿಂಗಳು ತಾನೂ ಒಪ್ಪೊತ್ತೇ ಉಂಡಳು, ಸಂಜೆಯ ಊಟ ಬಿಟ್ಟಳು. ಕೇಳಿದವರಿಗೆ ವ್ರತ ಅಂದಳು.

ಈ ವರ್ಷ ಚಾತುರ್ಮಾಸಕ್ಕೆ ಬೇರೊಬ್ಬ ಮಹಾರಾಜರು ಊರಿಗೆ ಬಂದರು, ಅದಕ್ಕೆ ಮೊದಲೇ ಐಗಳಿಯಿಂದ ಸ್ನೇಹಲ ಸೊಸೆಯಾಗಿ ಬಂದಿದ್ದಳು. ಈ ಹುಡುಗಿಗೆ ಬಾಯಿ ಸ್ವಲ್ಪ ಜಾಸ್ತಿ, ದೇವರ ದಯೆ.

"ಅತ್ತೀ, ಓಣಿ ತುಂಬ ಎಲ್ಲಾರೂ ಮಹಾರಾಜರಿಗೆ ಅಡಗಿ ಮಾಡಿ ಬಾಗಲದಾಗ ನಿಂದರತಾರ. ನಮ್ಮದೊಂದ ಬಾಗಲಾ ಮುಚ್ಚಿರತೈತಿ."

"ನನ್ನ ಕೈಗುಣ ಸರಿ ಇಲ್ಲಬೇ."

"ಆ ಕೈಯಾಗಿಂದನ ದಿನಾ ಉಣ್ಣಾಕತ್ತೀವಲ್ರಿ ನಾವು. ನಾವೇನ ದನಾನ್ರಿ?"

ಧನಪಾಲ ಸೊಸೆಯ ಪಕ್ಷ ಸೇರಿದ. ಕಡೆಗೆ ಒಂದು ಗುರುವಾರಕ್ಕೆ ಮಂಗಲಕ್ಕ ಹೂಂ ಅಂದಳು.

ಆ ದಿನ ಅವಳು ಪಟ್ಟ ಪಾಡು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ತಲೆಗೆ ಬಿಳಿ ಬಟ್ಟೆಯನ್ನು ಹಣೆ ನೋಯುವಷ್ಟು ಬಿಗಿದು ಕಟ್ಟಿಕೊಂಡಳು. ನೀರನ್ನು ಹೊಸ ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಸಣ್ಣ ಜೀವಗಳನ್ನು ರೂಢಿಯಂತೆ ಅದೇ ಬಾವಿಯ ನೀರಿಗೆ ಮೆಲ್ಲಗೆ ಇಳಿಸಿ ಬಂದಳು. ಬೇಳೆ ಬೆಂದ ಮೇಲೆ ಅದನ್ನೂ ಇನ್ನೊಂದು ಹೊಸ ಅರಿವೆಯಲ್ಲಿ ಸೋಸಿದಳು. ಬೆಂದ ಬೇಳೆಯನ್ನು ಯಾರಾದರೂ ಅರಿವೆಯಲ್ಲಿ ಸೋಸುತ್ತಾರೆಯೇ? ಮಂಗಲಕ್ಕ ಸೋಸಿದಳು.

ಹತ್ತು ಗಂಟೆಗೆ ಗಂಡ, ಹೆಂಡತಿ, ಸೊಸೆ ಮೂವರೂ ಮಡಿಯುಟ್ಟು ಕಳಸ ಹಿಡಿದು ಬಾಗಿಲಲ್ಲಿ ನಿಂತರು. ಮಹಾರಾಜರು ಎದುರಿನ ಮನೆ ದಾಟಿದರು, ಪಕ್ಕದ ಮನೆ ದಾಟಿದರು, ಇವರ ಮುಂದೆ ಬಂದು ನಿಂತೇಬಿಟ್ಟರು. ಆಹಾರ, ನೀರು ಶುದ್ಧವಿದೆ ಎಂದು ಹೇಳಿ ಮಂಗಲಕ್ಕ ಅವರನ್ನು ಒಳಗೆ ಕರೆದಳು.

ನೀರು ಆಯಿತು, ಹಾಲು ಆಯಿತು, ನಾಲ್ಕು ತುತ್ತು ಅನ್ನವೂ ಆಯಿತು. ಬೇಳೆಯ ಸೌಟು ಎತ್ತಿದಾಗ ಅದರಲ್ಲಿ ಒಂದು ಬಿಳಿ ಎಳೆ ಕಂಡಿತು. ಹನ್ನೊಂದು ವರ್ಷದಲ್ಲಿ ಮಂಗಲಕ್ಕನ ಕೂದಲು ಪೂರಾ ಬೆಳ್ಳಗಾಗಿತ್ತು.

ಕಂಡದ್ದು ಅವಳೊಬ್ಬಳಿಗೇ. ಮಹಾರಾಜರ ದೃಷ್ಟಿ ಅವರ ಅಂಗೈ ಮೇಲಿತ್ತು. ಹೆಬ್ಬೆರಳಿನಿಂದ ಆ ಎಳೆಯನ್ನು ಅಂಚಿಗೆ ಒತ್ತಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಳ್ಳು ಹೇಳುವ ಪ್ರಮೇಯವೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಹೇಳಿದರೆ ಇನ್ನೊಬ್ಬ ಮುನಿಗಳು ಅವಳ ಮನೆಯಿಂದ ಹಸಿದು ಹೋಗುತ್ತಾರೆ, ಊರೆಲ್ಲ ಮತ್ತೆ ಅದೇ ಮಾತು. ಮಂಗಲಕ್ಕನ ಹೆಬ್ಬೆರಳು ಒಂದು ಸಲ ಮುಂದೆ ಹೋದದ್ದೂ ನಿಜ. ಆದರೆ ಶುದ್ಧ ಆಹಾರ ಎಂದು ಹೇಳಿ ಒಳಗೆ ಕರೆದವಳು ಆಕೆಯೇ.

"ತಡೀರಿ ಮಹಾರಾಜರ," ಅಂದಳು. "ಸೌಟಿನ್ಯಾಗ ಏನೋ ಐತ್ರಿ. ನನ್ನ ಕೂದಲಾ ಇದ್ದಂಗ ಕಾಣತೈತಿ."

ಧನಪಾಲ ಕಣ್ಣು ಮುಚ್ಚಿಕೊಂಡ. ಮಹಾರಾಜರು ಅಂಗೈ ಬಿಡಿಸಲಿಲ್ಲ. ನೋಡಿರಿ ಎಂಬಂತೆ ಗದ್ದ ಅಲುಗಿಸಿದರು. ಸ್ನೇಹಲ ಸೌಟು ಇಸಿದುಕೊಂಡು ಬಾಗಿಲ ಬೆಳಕಿಗೆ ಓಡಿದಳು. ಎಳೆಯನ್ನು ಎತ್ತಿ ಎರಡು ಬೆರಳಲ್ಲಿ ಹೊಸೆದಳು. ಅದು ಬಿಚ್ಚಿಕೊಂಡು ಮೂರು ಎಳೆಯಾಯಿತು.

"ಅತ್ತೀ, ಇದು ನೂಲರೀ! ನೀವು ಬ್ಯಾಳಿ ಸೋಸಿದ ಅರಿವಿದು. ಕೂದಲಾ ಹಿಂಗ ಬಿಚ್ಚತೈತೇನ್ರಿ?"

ತಂದು ಮಹಾರಾಜರಿಗೂ ತೋರಿಸಿದಳು. ಅವರು ಸರಿಯಾಗಿ ನೋಡಿದರು. ನೂಲಿಗೆ ಅಂತರಾಯವಿಲ್ಲ. ಅಂಗೈಯನ್ನು ಮತ್ತೆ ಮುಂದೆ ಚಾಚಿದರು.

ಮಂಗಲಕ್ಕನ ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಎತ್ತಿ ಕೆಳಗಿಟ್ಟ ಹಾಗಾಯಿತು. ಮತ್ತೆ ಸೌಟು ತುಂಬಿ ಬಡಿಸಿದಳು. ಮಹಾರಾಜರು ಹೊಟ್ಟೆ ತುಂಬ ಉಂಡು, ಕಡೆಯ ನೀರು ಕುಡಿದು, ಕೈ ತೊಳೆದು ಕೂತರು.

ಅವರ ಊಟದ ಹೊತ್ತಿನ ಮೌನ ಮುಗಿಯುವುದನ್ನೇ ಕಾಯುತ್ತಿದ್ದ ಮಂಗಲಕ್ಕ ಅಡ್ಡಬಿದ್ದು ಎಲ್ಲ ಹೇಳಿಕೊಂಡಳು. ಕರಿ ಕೂದಲು, ಹಸಿದು ಹೋದ ಮುನಿಗಳು, ತನ್ನ ಒಪ್ಪೊತ್ತು, ಇವತ್ತು ಮುಂದೆ ಹೋದ ಹೆಬ್ಬೆರಳು ಕೂಡ.

"ಆ ಮಹಾರಾಜರು ಮರದಿನಾ ಉಂಡ್ರಿಲ್ಲೋ?" ಎಂದು ಕೇಳಿದರು ಅವರು.

"ಉಂಡ್ರರಿ. ತವನಪ್ಪನೋರ ಮನ್ಯಾಗ."

"ಅವರ ಉಪಾಸ ಒಂದ ದಿನದಾಗ ಮುಗೀತು. ನಿಂದ್ಯಾಕ ಇನ್ನೂ ನಡದೈತಿ, ಅವ್ವಾ?"

ಮಂಗಲಕ್ಕ ಜೋರಾಗಿ ಅತ್ತಳು. ಮಹಾರಾಜರು ಬಸದಿಯ ದಾರಿ ಹಿಡಿದ ಮೇಲೂ ಅತ್ತಳು. ಸ್ನೇಹಲ ಗಾಬರಿಯಾಗಿ ನೀರು ತಂದುಕೊಟ್ಟಳು.

ಆ ಸಂಜೆ ಹೊತ್ತು ಮುಳುಗುವ ಮೊದಲು ಧನಪಾಲ ಊಟಕ್ಕೆ ಕೂತಾಗ ಪಕ್ಕದಲ್ಲಿ ಇನ್ನೊಂದು ತಾಟು ಇತ್ತು.

"ಯಾರ ಬರವರ ಅದಾರ?" ಅಂದ.

"ಯಾರೂ ಇಲ್ಲ," ಅಂದಳು ಮಂಗಲಕ್ಕ, ತಾಟಿನ ಮುಂದೆ ಕೂಡುತ್ತ. "ನನಗ ಹಸಿವಾಗೈತ್ರಿ."