ಕಮಲಮ್ಮ ಕಣ್ಣು ಬರೆದ ಮೃಗ

ಕಮಲಮ್ಮನವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಚಾಮರಾಜಪೇಟೆಯಲ್ಲಿ ಮೂವತ್ತು ವರ್ಷದಿಂದ ಗಣೇಶನ ಮೂರ್ತಿಗಳಿಗೆ ಕಣ್ಣು ಬರೆಯುವವರು ಅವರು. ನಮ್ಮ ನಾಟಕದಲ್ಲಿ ಬೇರೆ ಗ್ರಹಕ್ಕೆ ಹೋದ ನಮ್ಮಲ್ಲಿ ಮೂವರನ್ನು ಅಲ್ಲಿನ ಮೃಗವೊಂದು ತಿನ್ನುತ್ತದೆ. ಕೊನೆಗೆ ಅದು ಹೆದರಿ ಗುಹೆಗೆ ಸರಿಯುವಾಗ ನಾನು ಕೊಡಲಿಯಿಂದ ಕಡಿಯಬೇಕು. ಒಂದು ತಿಂಗಳು ಕೊಡಲಿ ಬೀಸಿ ಅಭ್ಯಾಸ ಮಾಡಿದ್ದೆ. ಪ್ರದರ್ಶನದ ದಿನ ಮಣ್ಣಿನ ಆ ಮೃಗಕ್ಕೆ ಕಮಲಮ್ಮ ಕಣ್ಣು ಬರೆದವರೇ, ಅಭ್ಯಾಸಬಲದಿಂದ ಕರ್ಪೂರ ಹಚ್ಚಿ ಕಾಯಿ ಒಡೆದುಬಿಟ್ಟರು.

“ಕಣ್ಣು ಬಂತು ನಂದೀಶ, ಜೀವ ಬಂದಂಗೆ. ಇನ್ನು ಕಡಿಯಂಗಿಲ್ಲ. ಮರ್ಯಾದೆಯಿಂದ ಕಳಿಸ್ಕೊಡ್ಬೇಕು.”

“ಮೂರು ಜನಾನ ತಿಂದಿದೆ ಕಣಮ್ಮಾ!” ಎಂದು ಕೂಗಾಡಿದೆ.

“ಅದರ ಮನೆಗೆ ನುಗ್ಗಿದ್ದು ನೀವು. ಮೈಮೇಲೆ ಬಿದ್ರೆ ಹೊಡಿ, ಬೇಡ ಅನ್ನಲ್ಲ. ಹೆದ್ರಿ ಗುಹೆಗೆ ಹೋಗ್ತಿರೋದನ್ನ ಕಡಿಯೋದು ಎಂಥಾ ಶೂರತನಾನೋ?”

ಬೈದುಕೊಂಡೇ ರಂಗಕ್ಕೆ ಹೋದೆ. ಒಳಗಿನಿಂದ ಹಗ್ಗ ಎಳೆದರು. ಗಾಲಿಯ ಮೇಲಿನ ಮೃಗ ನನ್ನನ್ನೇ ನೋಡುತ್ತಾ ಗುಹೆಗೆ ಸರಿಯಿತು. ಎತ್ತಿದ ಕೊಡಲಿಯನ್ನು ಅದರ ಮೇಲೆ ಬೀಸಲಾಗಲಿಲ್ಲ. ಕೊಡಲಿ ಪಕ್ಕಕ್ಕೆಸೆದು, ಜೊತೆಯ ಪಾತ್ರಧಾರಿಗಳಿಗೆ “ನಡೀರಿ, ಇದು ಅದರ ಜಾಗ” ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಕೊನೆ ಹೊಳೆದದ್ದು ನನಗೇ ಎಂದು ಎಲ್ಲರ ಮುಂದೆ ಹೇಳಿಕೊಂಡೆ. ಕಮಲಮ್ಮ ಅದನ್ನು ಕೇಳಿಸಿಕೊಂಡೇ ಬಣ್ಣದ ಬಟ್ಟಲು ತೊಳೆದಿಟ್ಟರು. ಆ ಚಪ್ಪಾಳೆ ಅವರದು. ಇನ್ನೂ ಅವರಿಗೆ ತಲುಪಿಸಿಲ್ಲ.